ಇಬ್ಬರು ಹೋಗಿ ಒಬ್ಬರು ಬರುವುದು

ಹಕ್ಕಿಗಳಿಗೆ ಲೆಕ್ಕ ಬರುವುದಿಲ್ಲ. ಹೊಳೆಯ ನಡುವೆ ಮರೆ ಕಟ್ಟಿ ಕೂತು ಫೋಟೋ ತೆಗೆಯುವ ನನ್ನಂಥವರು ನಂಬಿಕೊಂಡಿರುವುದು ಇದೊಂದನ್ನೇ. ಒಬ್ಬರೇ ನಡೆದುಹೋಗಿ ಒಳಗೆ ಹೊಕ್ಕರೆ ಹಕ್ಕಿಗೆ ನೆನಪಿರುತ್ತದೆ, ಒಳಗೆ ಹೋದದ್ದು ಹೊರಗೆ ಬಂದಿಲ್ಲ ಎಂದು. ಆಮೇಲೆ ನೀವು ಉಸಿರು ಬಿಗಿಹಿಡಿದು ಮಧ್ಯಾಹ್ನದ ತನಕ ಕೂತರೂ ಅದು ದೂರದಲ್ಲೇ ಸುತ್ತು ಹಾಕುತ್ತದೆ. ಆದ್ದರಿಂದ ಇಬ್ಬರು ಹೋಗಬೇಕು. ಇಬ್ಬರೂ ಒಳಗೆ ಹೊಕ್ಕು, ಸ್ವಲ್ಪ ಹೊತ್ತಿನ ಮೇಲೆ ಒಬ್ಬರು ಹೊರಗೆ ಬಂದು, ಹಕ್ಕಿಯ ಕಣ್ಣಿಗೆ ಬೀಳುವ ಹಾಗೆ ನಡೆದು ದಡ ಸೇರಬೇಕು. ಬಂದವರು ಹೋದರು ಎಂದು ಹಕ್ಕಿ ನಂಬುತ್ತದೆ, ಇಳಿದು ಬಂದು ತನ್ನ ಪಾಡಿಗೆ ತಾನು ಇರುತ್ತದೆ.

ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಗಂಡ. ಅವರಿಗೆ ಹೇಳಿಕೊಟ್ಟದ್ದು ಸೌದಿಯ ದಮಾಮಿನ ಕಂಪನಿಯಲ್ಲಿ ಅವರ ಜೊತೆ ಕೆಲಸಕ್ಕಿದ್ದ ಫಿಲಿಪ್ಪೀನ್ಸಿನವನೊಬ್ಬ. ರಜೆಯ ದಿನ ಅವನು ಸಮುದ್ರದ ಬದಿಗೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದನಂತೆ, ಇವರು ಅವನನ್ನು ಒಳಗೆ ಬಿಟ್ಟು ಬರುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಹಾಗೆ ಹೋಗಿ ಹೋಗಿ ಹುಚ್ಚು ಹಿಡಿಯಿತು. ಒಂದು ರಜೆಗೆ ಬರುವಾಗ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದುಕೊಂಡೇ ಬಂದರು. ಹೋಗುವಾಗ ನನಗೆ ಬಿಟ್ಟುಹೋದರು. ಅಲ್ಲಿ ತೆಗೆಯಲು ಏನುಂಟು, ಹೊಳೆ ಇರುವುದು ನಿನ್ನ ಹತ್ತಿರ ಎಂದರು.

ಹೊಳೆ ನನ್ನ ಹತ್ತಿರ ಇತ್ತು ಎನ್ನುವುದು ಸುಳ್ಳಲ್ಲ. ನಮ್ಮ ಮನೆ ಬಂಟ್ವಾಳದಿಂದ ಸ್ವಲ್ಪ ಮೇಲೆ, ನೇತ್ರಾವತಿಯ ದಡದಲ್ಲಿ. ದನದ ಹಟ್ಟಿ ದಾಟಿ ತೆಂಗಿನ ಸಾಲು ಇಳಿದರೆ ನೀರು. ಮನೆಯಲ್ಲಿರುವುದು ನಾನು ಮತ್ತು ಅತ್ತೆ. ನಮಗೆ ಮಕ್ಕಳಿಲ್ಲ, ಎಲ್ಲರೂ ಮೊದಲು ಕೇಳುವುದು ಅದನ್ನೇ ಆದ್ದರಿಂದ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಬಿಜಾಪುರ, ರಾಯಚೂರಿನ ಕಡೆಯಿಂದ ಬಂದ ಮಕ್ಕಳಿಗೆ ನನ್ನ ಕನ್ನಡ ಕೇಳಿದರೆ ನಗು. ತಾಳಮದ್ದಳೆಯ ಅರ್ಥಧಾರಿ ರಜೆ ಹಾಕಿ ಕ್ಲಾಸಿಗೆ ಬಂದ ಹಾಗೆ ಆಗುತ್ತದಂತೆ. ನಗಲಿ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಬರುವ ಮನೆಯ ಮಾತುಗಳೆಲ್ಲ ತುಳುವಿನಲ್ಲಿ ಆಡಿದವು, ನಾನು ಕನ್ನಡಕ್ಕೆ ತಂದಿದ್ದೇನೆ ಅಷ್ಟೇ.

ಮಳೆ ನಿಂತು, ನೀರು ಇಳಿದು, ಮಕರ ಸಂಕ್ರಾಂತಿ ಕಳೆಯುವ ಹೊತ್ತಿಗೆ ಹೊಳೆಯ ನಡುವೆ ಹೊಯಿಗೆಯ, ಎಂದರೆ ಮರಳಿನ, ದಿಬ್ಬ ಏಳುತ್ತದೆ. ದಡದಿಂದ ಅಲ್ಲಿಗೆ ಮೊಣಕಾಲು ನೀರು. ಆ ಹೊಯಿಗೆಗೆ ರೀವಗಳು ಬರುತ್ತವೆ. ಪುಸ್ತಕದ ಹೆಸರು ಹೊಳೆ ರೀವ ಎಂದು. ನಮ್ಮೂರಿನವರು ಅದಕ್ಕೆ ಬೇರೆ ಹೆಸರು ಇಡುವ ಗೋಜಿಗೆ ಹೋಗಲಿಲ್ಲ, ಬಿಳಿ ಇದ್ದದ್ದೆಲ್ಲ ಬೆಳ್ಳಕ್ಕಿ. ಬೂದಿ ಬೆನ್ನು, ಕಣ್ಣಿನವರೆಗೆ ಎಳೆದ ಕರಿ ಟೊಪ್ಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲು ಬಾಲ. ಶಿವರಾತ್ರಿ ಹತ್ತಿರ ಬರುವಾಗ ಗಂಡು ಮೀನು ಹಿಡಿದು ತಂದು ಹೊಯಿಗೆಯಲ್ಲಿ ಕಾದು ಕೂತ ಹೆಣ್ಣಿಗೆ ಕೊಡಲು ಸುರು ಮಾಡುತ್ತದೆ. ಕೊಕ್ಕಿನಿಂದ ಕೊಕ್ಕಿಗೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮುಂದೆ ಅವು ಮೊಟ್ಟೆ ಇಟ್ಟವೆಂದರೆ ನಾವು ಆ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ನಮಗೆ ಸಿಗುವುದು ಕೆಲವು ವಾರ ಮಾತ್ರ. ಮೀನು ಕೊಡುವ ಆ ಒಂದು ಚಿತ್ರ ಬೇಕೆಂದು ಅವರಿಗೆ ಆಸೆ. ಅವರ ಆಸೆ ನನಗೂ ದಾಟಿತು.

ನಮ್ಮ ಮರೆ ಎಂದರೆ ದೊಡ್ಡದೇನಲ್ಲ. ಅಡಿಕೆ ಮರ ಸೀಳಿದ ಸಲಾಕೆಗಳು, ಸುತ್ತ ಹೆಣೆದ ತೆಂಗಿನ ಮಡಲು, ಮೇಲೆ ಹಳೆಯ ಹಸಿರು ನೆಟ್, ಮುಂದೆ ಲೆನ್ಸ್ ತೂರುವಷ್ಟು ಕಿಂಡಿ. ಒಳಗೆ ಕೂರಲು ಒಂದು ಮಣೆ. ಲೆನ್ಸ್ ಇಡಲು ಅತ್ತೆ ಹುರುಳಿ ತುಂಬಿಸಿ ಹೊಲಿದುಕೊಟ್ಟ ಚೀಲ. ಮಳೆಗಾಲ ಸುರುವಾದದ್ದೇ ಅತ್ತೆ ಆ ಚೀಲ ಬಿಚ್ಚಿ ಹುರುಳಿ ಸಾರು ಮಾಡಿಬಿಡುತ್ತಿದ್ದರು, ಮುಂದಿನ ವರ್ಷ ಹೊಸ ಹುರುಳಿ. ಮರೆಗೆ ಅವರು ಇಟ್ಟ ಹೆಸರು ಕೋಳಿಗೂಡು. ಕಾಲೇಜಿನಲ್ಲಿ ಪಾಠ ಮಾಡುವ ಸೊಸೆ ಭಾನುವಾರ ಕೋಳಿಗೂಡಿನಲ್ಲಿ ಕೂರುತ್ತಾಳೆ ಎಂದು ನೆಂಟರ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಗಂಡ ರಜೆಗೆ ಬರುತ್ತಿದ್ದದ್ದು ವರ್ಷಕ್ಕೊಂದು ತಿಂಗಳು, ಬೇಕೆಂದೇ ಈ ಹೊತ್ತಿಗೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಇಬ್ಬರೂ ನೀರು ದಾಟುತ್ತಿದ್ದೆವು. ಅವರು ಲುಂಗಿ ಎತ್ತಿ ಕಟ್ಟಿ ಮುಂದೆ, ನಾನು ಕ್ಯಾಮೆರಾ ತಲೆಯ ಮೇಲಿಟ್ಟು ಹಿಂದೆ. ಒಳಗೆ ಹೊಕ್ಕು ನನ್ನನ್ನು ಮಣೆಯ ಮೇಲೆ ಕೂರಿಸಿ, ಲೆನ್ಸ್ ಸರಿ ಮಾಡಿ, ಬರ್ತೇನೆ ಎಂದು ಹೇಳಿ ಹೊರಡುತ್ತಿದ್ದರು. ಹೋಗುವವರು ಬರ್ತೇನೆ ಎನ್ನಬೇಕು, ನಮ್ಮಲ್ಲಿ ಹಾಗೆಯೇ. ಅವರು ಹೋಗುವುದನ್ನು ನಾನು ನೋಡುವ ಹಾಗಿರಲಿಲ್ಲ. ಕಿಂಡಿ ಇರುವುದು ಹಕ್ಕಿಯ ಕಡೆಗೆ, ದಡ ನನ್ನ ಬೆನ್ನಿಗೆ. ತಿರುಗಿದರೆ ಮಡಲು ಅಲುಗುತ್ತದೆ. ಹೊಯಿಗೆಯ ಮೇಲೆ ಹೆಜ್ಜೆಯ ಸದ್ದು, ಆಮೇಲೆ ನೀರಿನ ಸದ್ದು, ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತು ಕಳೆದು ದಡದಿಂದ ಒಂದು ಕೆಮ್ಮು. ಅದು ಸುಳ್ಳು ಕೆಮ್ಮು, ದಡ ಮುಟ್ಟಿದೆ ಎಂದು ನನಗೆ ತಿಳಿಸಲು. ಆ ಕೆಮ್ಮು ಕೇಳಿದ ಮೇಲೆಯೇ ನಾನು ಕ್ಯಾಮೆರಾಕ್ಕೆ ಕಣ್ಣು ಕೊಡುತ್ತಿದ್ದದ್ದು.

ನೋಡಿದವರು ನಗುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಗಂಡನನ್ನು ದಡದಲ್ಲಿ ನಿಲ್ಲಿಸಿ ಹೆಂಡತಿ ಹೊಳೆಯಲ್ಲಿ ಕೂರುವುದು ಎಂಥ ಸಂಸಾರ ಎಂದು ನಾದಿನಿ ಕೇಳಿದ್ದುಂಟು. ಅವಳನ್ನು ಕೊಟ್ಟದ್ದು ಬೆಳ್ತಂಗಡಿಗೆ, ಮೇಲೆ ಮಳೆ ಬಂದರೆ ಹೊಳೆ ಏರುತ್ತದೆ ಎಂದು ಫೋನ್ ಮಾಡಿ ಎಚ್ಚರಿಸುವುದೂ ಅವಳೇ. ಅವಳಿಗೆ ಏನು ಹೇಳುವುದು? ನಮ್ಮ ಸುಖ ಹಾಗೆಯೇ ಇತ್ತು. ಒಂದೇ ಹೊಳೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರು ತೆಂಗಿನ ಬುಡದಲ್ಲಿ ಕೂತು ಫ್ಲಾಸ್ಕಿನ ಚಾ ಕುಡಿಯುತ್ತಿದ್ದಾರೆ ಎಂದು ಗೊತ್ತಿರುವುದು ನನಗೆ ದೊಡ್ಡದಾಗಿತ್ತು. ಉಳಿದ ಹನ್ನೊಂದು ತಿಂಗಳು ನಮ್ಮ ನಡುವೆ ಇದ್ದದ್ದು ಸಮುದ್ರ.

ಹಕ್ಕಿಯ ಕಾಲದಲ್ಲಿ ಅವರು ಬರುವ ಮೊದಲೂ ಹೋದ ಮೇಲೂ ಉಳಿಯುವ ಭಾನುವಾರಗಳಲ್ಲಿ ನನ್ನನ್ನು ಬಿಟ್ಟುಬರುವ ಕೆಲಸ ಅತ್ತೆಗೆ ಬಿತ್ತು. ಮೊದಲು ಒಪ್ಪಲಿಲ್ಲ. ಆಮೇಲೆ ಮಗನೇ ಫೋನಿನಲ್ಲಿ ಹೇಳಿದ ಕಾರಣ ಕೊಡೆ ಹಿಡಿದು ಹೊರಟರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಅತ್ತೆ ಸೂರ್ಯ ಹುಟ್ಟುವ ಮೊದಲೇ ಬಿಡಿಸುತ್ತಿದ್ದರು, ಮಂಜು ತಲೆಗೆ ಬಿದ್ದರೆ ಶೀತ ಎಂದು. ಮೊದಲ ದಿನ ನನ್ನನ್ನು ಕೂರಿಸಿ, ಹೊರಗೆ ಬಂದು, ನೀರು ದಾಟಿ, ದಡದಲ್ಲಿ ನಿಂತು ಇಡೀ ಹೊಳೆಗೆ ಕೇಳುವ ಹಾಗೆ, "ಬಂತಾ?" ಎಂದು ಕೂಗಿದರು. ಬಂದಿದ್ದ ಹಕ್ಕಿಗಳೂ ಎದ್ದುಹೋದವು. ಎರಡನೆಯ ದಿನ ಕೊಡೆ ಒಳಗೇ ಮರೆತು, ದಡ ಮುಟ್ಟಿದವರು ಅದಕ್ಕಾಗಿ ತಿರುಗಿ ಬಂದರು. ನಾನು ಸಿಟ್ಟಿನಲ್ಲಿ ಏನೋ ಅಂದೆ. ನನ್ನ ಬಾಯಿ ಸ್ವಲ್ಪ ಜೋರು, ಅತ್ತೆಯದು ಅದಕ್ಕಿಂತ ಜೋರು. ಹಕ್ಕಿಯ ಫೋಟೋ ತೆಗೆಯದಿದ್ದರೆ ಹಕ್ಕಿಗೇನು ನಷ್ಟ ಎಂದು ಕೇಳಿದರು.

ಆದರೆ ಕ್ರಮೇಣ ಅವರು ಪಳಗಿದರು. ಕೊಡೆಯಿಂದಾಗಿ ಅವರು ಹೋಗುವುದು ಹಕ್ಕಿಗಳಿಗೆ ಚೆನ್ನಾಗಿ ಕಾಣುತ್ತಿತ್ತು, ನನಗಿಂತ ಮೊದಲು ಅವರೇ ಅದನ್ನು ಗಮನಿಸಿ ಹೆಮ್ಮೆಪಟ್ಟರು. "ಬಂತಾ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಕೂಗುವುದು ಬಿಟ್ಟು, ನಾನು ಮನೆಗೆ ಬಂದ ಮೇಲೆ ಕೇಳುತ್ತಿದ್ದರು. ಮೀನು ಕೊಡುವುದು ಸಿಗಲಿಲ್ಲ, ಕೈ ತಡವಾಯಿತು ಎಂದರೆ, "ಅದು ದಿನಾ ತರ್ತದಲ್ಲ, ನಾಳೆ ನೋಡು. ನಮ್ಮದು ವರ್ಷಕ್ಕೊಮ್ಮೆ," ಎನ್ನುತ್ತಿದ್ದರು. ಹಾಗೆ ಹೇಳಿ ತಾವೇ ಮೊದಲು ನಗುತ್ತಿದ್ದರು. ಅವರ ಗಂಡ, ಎಂದರೆ ನನ್ನ ಮಾವ, ಆಯುಷ್ಯವೆಲ್ಲ ಬೊಂಬಾಯಿಯ ಹೋಟೆಲಿನಲ್ಲಿ ಕಳೆದವರು. ಊರಿಗೆ ಬಂದು ನೆಲೆಸುತ್ತೇನೆ ಎಂದು ಹೇಳಿ ಹೇಳಿ, ಕಾಯಿಲೆ ಬಿದ್ದ ಮೇಲೆ ಬಂದರು. ನಾನು ಆ ಮನೆಗೆ ಬರುವ ಹೊತ್ತಿಗೆ ಅವರು ಗೋಡೆಯ ಮೇಲಿನ ಪಟವಾಗಿದ್ದರು.

ಅತ್ತೆ ಹೋದ ಮೇಲೆ ಒಳಗೆ ಕೂತು ನಾನು ಕೆಮ್ಮಿಗೆ ಕಾಯುತ್ತಿದ್ದೆ. ಇಲ್ಲ ಎಂದು ಗೊತ್ತಿದ್ದೂ ಕಿವಿ ಕಾಯುತ್ತಿತ್ತು. ಇಲ್ಲಿ ಬೆಳಕು ಹರಿಯುವಾಗ ದಮಾಮಿನಲ್ಲಿ ಇನ್ನೂ ಕತ್ತಲೆ, ಅವರು ಕ್ಯಾಂಪಿನ ಕೋಣೆಯಲ್ಲಿ ಮಗ್ಗುಲು ಬದಲಿಸುವ ಹೊತ್ತು. ನನಗೆ ಅವರು ಬೇಕಿತ್ತು. ಶುಕ್ರವಾರದ ವಿಡಿಯೋ ಕಾಲಿನಲ್ಲಿ ಅಲ್ಲ, ಹಣೆ ಅರ್ಧ, ಫ್ಯಾನು ಅರ್ಧ ಕಾಣುವ ಗಂಡ ಅಲ್ಲ. ಬಚ್ಚಲಿನ ಒಲೆಗೆ ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿ ನನ್ನಿಂದ ಬೈಸಿಕೊಳ್ಳುವ ಗಂಡ ಬೇಕಿತ್ತು. ಮಳೆಗಾಲವನ್ನು ಅವರು ನನ್ನ ಜೊತೆ ನೋಡಿದ್ದೇ ಇಲ್ಲ. ಆಟಿ ತಿಂಗಳ ಮಳೆಗೆ ಹೊಳೆ ಕೆಂಪಾಗಿ ನಮ್ಮ ತೆಂಗಿನ ಬುಡದವರೆಗೆ ಏರುವುದನ್ನು ನಾನು ಪ್ರತಿ ವರ್ಷ ಫೋನಿನಲ್ಲಿ ವರ್ಣಿಸಬೇಕಿತ್ತು, ಅದೂ ಒಂದು ಪಾಠದ ಹಾಗೆ.

ಗಲ್ಫಿಗೆ ಹೋದವರ ಮನೆಗಳಲ್ಲಿ ಒಂದು ಮಾತುಂಟು: ಕ್ಯಾನ್ಸಲ್ ಮಾಡಿ ಬರುವುದು. ವೀಸಾ ಮುಗಿಸಿ, ಸಾಮಾನು ಕಟ್ಟಿ, ಇನ್ನು ತಿರುಗಿ ಹೋಗುವುದಿಲ್ಲ ಎಂದು ಬರುವುದಕ್ಕೆ ಹಾಗೆ ಹೇಳುತ್ತಾರೆ. ಮದುವೆಯಾದ ವರ್ಷದಿಂದ ನಾನು ಆ ಮಾತು ಕೇಳುತ್ತಿದ್ದೆ. ನಾದಿನಿಯ ಮದುವೆ ಆಗಲಿ, ಕ್ಯಾನ್ಸಲ್. ಮನೆಯ ಮಾಡು ಸರಿಯಾಗಲಿ, ಕ್ಯಾನ್ಸಲ್. ಎಲ್ಲ ಆಯಿತು. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಅವರೇ ಫೋನ್ ಮಾಡಿ ಮುಂದಿನ ಶಿವರಾತ್ರಿಗೆ ಕ್ಯಾನ್ಸಲ್ ಮಾಡಿಯೇ ಬರುವುದು ಎಂದರು. ಮಾವನ ಪಟದ ಕೆಳಗೆ ಕೂತು ಹೂ ಕಟ್ಟುತ್ತಿದ್ದ ಅತ್ತೆ ಫೋನ್ ತೆಗೆದುಕೊಂಡು, ಇದು ಸತ್ಯವಾ ಎಂದು ಕೇಳಿದರು. ಸತ್ಯ ಎಂದರಂತೆ.

ಆ ಮಾತು ಕೇಳಿದ ಮೇಲೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಇಷ್ಟು ವರ್ಷ ಇಬ್ಬರು ಹೋಗಿ ಒಬ್ಬರು ಬಂದದ್ದು ಸಾಕು. ಈ ಸಲ ಮೂವರು ಹೋಗುವ, ಅತ್ತೆ ಒಬ್ಬರೇ ಕೊಡೆ ಹಿಡಿದು ತಿರುಗಿ ಬರಲಿ. ನಾವಿಬ್ಬರೂ ಒಳಗೆ ಉಳಿಯುವ. ಅವರ ಪಕ್ಕದಲ್ಲಿ ಕೂತು, ರೀವ ಮೀನು ಕೊಡುವುದನ್ನು ಒಟ್ಟಿಗೆ ನೋಡಬೇಕು. ಹೇಳಿದರೆ ಸಣ್ಣ ಆಸೆ. ಆದರೆ ನನಗೆ ಅವರು ತಿರುಗಿ ಬರುವುದು ಎಂದರೆ ಅದೇ ಆಗಿತ್ತು, ಅವರು ಹೊರಗೆ ಹೋಗಬೇಕಾಗಿಲ್ಲದ ಒಂದು ಬೆಳಿಗ್ಗೆ.

ಆ ಜನವರಿಯಲ್ಲಿ ಅತ್ತೆ ಮತ್ತು ನಾನು ಮರೆಯನ್ನು ಅಗಲ ಮಾಡಿ ಕಟ್ಟಿದೆವು. ಅತ್ತೆ ಹೊಯಿಗೆಯಲ್ಲಿ ಕಾಲು ಚಾಚಿ ಕೂತು ಮಡಲು ಹೆಣೆದರು. ಇಬ್ಬರ ಅಳತೆ ನೋಡಲು ಅವರೂ ನಾನೂ ಒಳಗೆ ಭುಜಕ್ಕೆ ಭುಜ ತಾಗಿಸಿ ಕೂತೆವು. ನನ್ನ ಮಗ ನಿನ್ನಷ್ಟು ದಪ್ಪ ಇಲ್ಲ, ಸಾಕು ಎಂದರು. ಮನೆಯಿಂದ ಇನ್ನೊಂದು ಮಣೆ ತಂದೆವು. ಅದು ಮಾವ ಊಟಕ್ಕೆ ಕೂರುತ್ತಿದ್ದ ಹಲಸಿನ ಮಣೆ, ಅಟ್ಟದಲ್ಲಿ ಇತ್ತು. ಅತ್ತೆ ಅದನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟರು. ಬಂಟ್ವಾಳದ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಮಗ ಕ್ಯಾನ್ಸಲ್ ಮಾಡಿ ಬರುತ್ತಾನೆ ಎಂದು ಹೇಳಿದರು. ನಾನೂ ಕಾಲೇಜಿನಲ್ಲಿ ಹೇಳಿದೆ. ಬಸ್ಸಿನಲ್ಲಿ ದಿನಾ ಪಕ್ಕದಲ್ಲಿ ಕೂರುವವರಿಗೂ ಹೇಳಿದೆ. ಹೇಳಿದಷ್ಟೂ ಗಟ್ಟಿಯಾಗುತ್ತದೆ ಎಂದು ಅಂದುಕೊಂಡಿದ್ದೆನೋ ಏನೋ.

ಅವರು ಬಂದರು. ಒಂದು ಸೂಟ್‌ಕೇಸು, ಒಂದು ಹೆಗಲ ಚೀಲ. ಎಂದಿನ ಖರ್ಜೂರ, ಎಂದಿನ ಸೆಂಟು, ಎಂದಿನ ಟಾಲ್ಕಮ್ ಪೌಡರು. ಕ್ಯಾನ್ಸಲ್ ಮಾಡಿ ಬರುವವರು ಹಾಗೆ ಬರುವುದಿಲ್ಲ. ಅವರು ಅನ್ನ ಬೇಯಿಸುತ್ತಿದ್ದ ಕುಕ್ಕರಿನಿಂದ ಹಿಡಿದು ಹೊದ್ದ ಕಂಬಳಿಯವರೆಗೆ ಹೊತ್ತು ತರುತ್ತಾರೆ. ವಿಮಾನ ನಿಲ್ದಾಣದಿಂದ ಮನೆಗೆ ಬರುವ ಕಾರಿನ ಮಾಡಿನ ಮೇಲೆ ಕಟ್ಟಿದ ಪೆಟ್ಟಿಗೆ ನೋಡಿದರೇ ಊರಿಗೆ ವಿಷಯ ಗೊತ್ತಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಉಳಿದ ಸಾಮಾನು ಹಡಗಿನ ಕಾರ್ಗೋದಲ್ಲಿ ಬರುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅವರು ಹಾಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಗೋ ತಡವಾಗುವುದುಂಟು ಎಂದು ನಾದಿನಿಗೆ ಫೋನಿನಲ್ಲಿ ವಿವರಿಸಿಯೂ ಆಯಿತು. ಅತ್ತೆ ಜಗಲಿಯಲ್ಲಿ ನಿಂತು ಸೂಟ್‌ಕೇಸನ್ನು ಒಮ್ಮೆ ನೋಡಿ, ಒಳಗೆ ಹೋಗಿ ನೀರುದೋಸೆಗೆ ಕಾವಲಿ ಇಟ್ಟರು. ಬೊಂಬಾಯಿಯಿಂದ ಬಂದ ಸಾಮಾನನ್ನು ಅವರು ಎಷ್ಟು ಸಲ ಹಾಗೆ ನೋಡಿದ್ದರೋ.

ಮೂರನೆಯ ದಿನ ಹೊಳೆಗೆ ಹೊರಟೆವು. ಮುಂದೆ ಅತ್ತೆಯ ಕೊಡೆ, ನಡುವೆ ನಾನು, ಹಿಂದೆ ಅವರು. ಎರಡು ಮಣೆ ನೋಡಿ ಅವರು ಬಗ್ಗಿ ಹಲಸಿನದನ್ನು ಕೈಯಿಂದ ಸವರಿದರು. ಅಪ್ಪನ ಮಣೆ ಎಂದು ಗುರುತಿಸಿದರು. ನಾನು ಕೂರಿ ಎಂದೆ, ಕೂತರು. ಅತ್ತೆ ನಮ್ಮಿಬ್ಬರನ್ನೂ ನೋಡಿ, ಮದುಮಕ್ಕಳು ಎಂದು ಹೇಳಿ, ನೆಟ್ ಸರಿಸಿ ಹೊರಗೆ ಹೋದರು. ಹೊಯಿಗೆಯ ಮೇಲೆ ಅವರ ಹೆಜ್ಜೆ, ಆಮೇಲೆ ನೀರಿನ ಸದ್ದು. ಆ ದಿನ ನಾನು ಕೆಮ್ಮಿಗೆ ಕಾಯಬೇಕಾಗಿರಲಿಲ್ಲ. ಕೆಮ್ಮುವವರು ಪಕ್ಕದಲ್ಲೇ ಇದ್ದರು, ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಅಷ್ಟು ಸಂತೋಷದಲ್ಲಿ ನಾನು ಆ ಹೊಳೆಯಲ್ಲಿ ಯಾವತ್ತೂ ಕೂತವಳಲ್ಲ.

ರೀವಗಳು ಬಂದವು. ಮೊದಲು ಹೆಣ್ಣು, ನಮ್ಮ ನೇರಕ್ಕೆ ಹೊಯಿಗೆಯಲ್ಲಿ ಇಳಿದು ರೆಕ್ಕೆ ಮಡಚಿತು. ಇಷ್ಟು ಹತ್ತಿರ ನಾನು ನೋಡಿರಲಿಲ್ಲ, ಅದರ ಕೊಕ್ಕಿನ ತುದಿಯ ಕಪ್ಪು ಚುಕ್ಕೆ ಕಾಣುತ್ತಿತ್ತು. ನಾನು ಲೆನ್ಸಿಗೆ ಕಣ್ಣಿಟ್ಟೆ. ಗಂಡು ನೀರಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಆಗ ಅವರು ನನ್ನ ಕಿವಿಯ ಹತ್ತಿರ, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಮಾತಾಡಿದರು.

"ನಾನು ಕ್ಯಾನ್ಸಲ್ ಮಾಡ್ಲಿಲ್ಲ."

ನಾನು ಅಲುಗಲಿಲ್ಲ. ಅಲುಗುವ ಹಾಗಿರಲಿಲ್ಲ.

"ಎರಡು ಸಲ ಆಫೀಸಿನ ಬಾಗಿಲಿನವರೆಗೆ ಹೋದೆ," ಎಂದರು. "ತಿರುಗಿ ಬಂದೆ. ಹೆದರಿಕೆ ಆಗ್ತದೆ. ಅಲ್ಲಿ ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅಂತ ನನಗೆ ಗೊತ್ತುಂಟು. ಇಲ್ಲಿ ರಜೆಯಲ್ಲಿ ಇರ್ಲಿಕ್ಕೆ ಮಾತ್ರ ಗೊತ್ತು. ಉಳಿದ ದಿನ ಹೇಗೆ ಇರುವುದು?"

ನನ್ನ ಬಾಯಿ ತೆರೆದರೆ ಅಳು ಬರುತ್ತಿತ್ತೋ ಬೈಗಳು ಬರುತ್ತಿತ್ತೋ ನನಗೇ ತಿಳಿಯದು. ಎರಡಕ್ಕೂ ಅಲ್ಲಿ ಜಾಗ ಇರಲಿಲ್ಲ. ಎದುರಿಗೆ ಹೆಣ್ಣು ಕತ್ತು ಚಾಚಿ ಸಣ್ಣಗೆ ಕೂಗಲು ಸುರು ಮಾಡಿತ್ತು. ಗಂಡು ಇಳಿಯಿತು. ಅದರ ಕೊಕ್ಕಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಮೀನು ಅಡ್ಡಕ್ಕೆ ಇತ್ತು. ಅದು ಹೆಣ್ಣಿನ ಸುತ್ತ ಒಂದು ಸುತ್ತು ನಡೆದು, ಕತ್ತು ಬಗ್ಗಿಸಿ, ಮೀನನ್ನು ಅದರ ಕೊಕ್ಕಿಗೆ ಇಟ್ಟಿತು. ಇಷ್ಟು ವರ್ಷ ತಡವಾಗುತ್ತಿದ್ದ ನನ್ನ ಕೈ ಆ ದಿನ ತಡವಾಗಲಿಲ್ಲ. ಬೆರಳು ತನ್ನಷ್ಟಕ್ಕೆ ಒತ್ತಿತು, ನಾನು ಒತ್ತಿದೆ ಎಂದು ಹೇಳಲಾರೆ. ಕಣ್ಣು ಮಂಜಾಗಿ ನನಗೆ ಏನೂ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಕ್ಯಾಮೆರಾಕ್ಕೆ ಮಾತ್ರ.

ನಮ್ಮನ್ನು ಕರೆದುಕೊಂಡು ಹೋಗಲು ಅತ್ತೆ ಬರುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದೆವು. ಅವರ ಕೈ ನನ್ನ ಮೊಣಕಾಲಿನ ಮೇಲಿತ್ತು. ನಾನು ತೆಗೆಯಲಿಲ್ಲ, ಹಿಡಿಯಲೂ ಇಲ್ಲ. ಬಿಸಿಲು ಏರಿದ ಮೇಲೆ ನೀರಿನ ಸದ್ದಾಯಿತು, ಹಕ್ಕಿಗಳು ಎದ್ದವು, ಅತ್ತೆ ಕೊಡೆ ಮಡಚಿ ಬಗ್ಗಿ ಒಳಗೆ ನೋಡಿದರು. ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು.

"ಬಂತಾ?" ಎಂದು ಕೇಳಿದರು.

ಬಂತು ಎಂದೆ. ಅವರು ಹುರುಳಿಯ ಚೀಲ ಎತ್ತಿಕೊಂಡು ಮುಂದೆ ನಡೆದರು. ಆಗ ನನಗೆ ಹೊಳೆಯಿತು, ಸೂಟ್‌ಕೇಸು ಕಂಡ ಗಳಿಗೆಯಿಂದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನಮ್ಮನ್ನು ಮದುಮಕ್ಕಳು ಎಂದು ಕರೆದು ಒಳಗೆ ಕೂರಿಸಿ ಹೋಗಿದ್ದರು.

ಆ ಸಂಜೆ ನಾನು ಬೈದೆ. ಹಟ್ಟಿಯ ಹಿಂದೆ ನಿಂತು, ದನಗಳು ತಿರುಗಿ ನೋಡುವಷ್ಟು ಬೈದೆ. ಇದನ್ನು ಹೇಳಲು ನಿಮಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಕೇಳಿದೆ. ಅಲ್ಲಿ ಆದರೆ ನೀನು ಬೈಯುವುದಿಲ್ಲ, ಪೂರ್ತಿ ಹೇಳಿ ಮುಗಿಸಬಹುದು ಎಂದು ಎನಿಸಿತು ಎಂದರು. ಅಷ್ಟು ನಿಜ ಹೇಳುವ ಮನುಷ್ಯನನ್ನು ಎಷ್ಟು ಹೊತ್ತು ಬೈಯುವುದು? ಹೆದರಿಕೆ ಎಂದರಲ್ಲ, ಅದು ನನಗೆ ಹೆಚ್ಚು ನೋವು ಕೊಟ್ಟಿತು. ಸಾಲ ಎಂದಿದ್ದರೆ ಒಟ್ಟಿಗೆ ತೀರಿಸಬಹುದಿತ್ತು. ಕಂಪನಿ ಬಿಡುವುದಿಲ್ಲ ಎಂದಿದ್ದರೆ ಕಂಪನಿಯನ್ನು ಶಪಿಸಬಹುದಿತ್ತು. ಮನೆಗೆ ಬರಲು ಹೆದರಿಕೆ ಎನ್ನುವ ಗಂಡನಿಗೆ ಹೆಂಡತಿ ಏನು ಕೊಡಬೇಕು? ನಾನು ಇದ್ದೇನಲ್ಲ ಎಂದೆ. ಇರುವುದು ಅದೊಂದೇ. ಅವರು ಹೂಂ ಎಂದರು.

ಉಳಿದ ರಜೆ ಎಲ್ಲ ರಜೆಗಳ ಹಾಗೆ ಕಳೆಯಿತು. ಬೆಳ್ತಂಗಡಿಗೆ ಹೋಗಿ ನಾದಿನಿಯ ಮನೆಯಲ್ಲಿ ಉಂಡೆವು, ಒಂದು ಗೃಹಪ್ರವೇಶಕ್ಕೆ ಪುತ್ತಿಗೆಗೆ ಹೋದೆವು, ಫರಂಗಿಪೇಟೆಯಿಂದ ಅವರು ಮೀನು ತಂದರು. ಸಿಕ್ಕಿದವರು ಕ್ಯಾನ್ಸಲ್ ಅಂತೆ ಎಂದು ಕೇಳಿದಾಗ ಅತ್ತೆಯೇ ಮುಂದೆ ಬಿದ್ದು ಮಾತು ತಿರುಗಿಸುತ್ತಿದ್ದರು. ಹೊಳೆಗೆ ನಾವು ಮತ್ತೆ ಹೋಗಲಿಲ್ಲ. ಹೊರಡುವ ದಿನ ಅವರು ಜಗಲಿ ಇಳಿದು, ಬರ್ತೇನೆ ಎಂದರು. ಕಾರು ಗದ್ದೆಯ ತಿರುವು ದಾಟುವವರೆಗೆ ನಾನು ನೋಡಿದೆ. ಅಲ್ಲಿ ತಿರುಗಿ ನೋಡಬಾರದು ಎಂಬ ನಿಯಮ ಏನೂ ಇಲ್ಲವಲ್ಲ.

ಮುಂದಿನ ಭಾನುವಾರ ನಾನು ಹೋಗುವ ಮನಸ್ಸು ಮಾಡಿರಲಿಲ್ಲ. ಅತ್ತೆಯೇ ಬೇಗ ಎದ್ದು, ಚಾ ಮಾಡಿ ಫ್ಲಾಸ್ಕಿಗೆ ತುಂಬಿಸಿ, ಹುರುಳಿಯ ಚೀಲ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹೋಗುವ ಎಂದರು. ಮೊಣಕಾಲು ನೀರು ದಾಟಿದೆವು. ಒಳಗೆ ಎರಡು ಮಣೆ ಇದ್ದ ಹಾಗೆಯೇ ಇದ್ದವು, ಹಲಸಿನ ಮಣೆಯ ಮೇಲೆ ಮಂಜು ಬಿದ್ದು ಒದ್ದೆಯಾಗಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಒರಸಿದರು. ನಾನು ನನ್ನ ಮಣೆಯಲ್ಲಿ ಕೂತು ಲೆನ್ಸ್ ಹೊಂದಿಸಿದೆ. ಇನ್ನು ಅವರು ಹೊರಡುತ್ತಾರೆ, ಹೆಜ್ಜೆಯ ಸದ್ದು, ನೀರಿನ ಸದ್ದು, ಆಮೇಲೆ ಏನೂ ಇರುವುದಿಲ್ಲ ಎಂದು ಕಾದೆ. ಆ ಏನೂ ಇಲ್ಲದ ಹೊತ್ತನ್ನು ಆ ದಿನ ತಡೆದುಕೊಳ್ಳಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಅತ್ತೆ ಕೊಡೆ ಮಡಚಿ ಮೂಲೆಗೆ ಒರಗಿಸಿ, ಹಲಸಿನ ಮಣೆಯ ಮೇಲೆ ಕೂತರು. ಕಾಲು ನೀಡಿಕೊಂಡರು. ಸ್ವಲ್ಪ ಹೊತ್ತು ನೋಡಿ ನಾನೇ ನೆನಪು ಮಾಡಿದೆ, ನೀವು ಹೊರಗೆ ಹೋಗದಿದ್ದರೆ ಹಕ್ಕಿ ಬರುವುದಿಲ್ಲ ಎಂದು.

"ಬಾರದಿದ್ದರೆ ಬೇಡ," ಎಂದರು. "ಇವತ್ತು ನಾನು ಹೋಗುವುದಿಲ್ಲ ಮಗಾ."

ನಾನು ಕ್ಯಾಮೆರಾದಿಂದ ಕಣ್ಣು ತೆಗೆದೆ. ಅವರು ಫ್ಲಾಸ್ಕಿನ ಮುಚ್ಚಳಕ್ಕೆ ಚಾ ಬಗ್ಗಿಸಿ ನನಗೆ ಕೊಟ್ಟರು. ಹೊರಗೆ ರೀವಗಳು ಹೊಳೆಯ ಮೇಲೆ ಸುತ್ತುತ್ತಿದ್ದವು. ಕಿಂಡಿಯಲ್ಲಿ ಬಂದು ಮರೆಯಾಗುತ್ತಿದ್ದ ಅವುಗಳ ರೆಕ್ಕೆ ನಮಗೆ ಕಾಣುತ್ತಿತ್ತು. ಬಿಸಿಲು ಏರುವವರೆಗೂ ಒಂದೂ ಇಳಿಯಲಿಲ್ಲ. ನಾವಿಬ್ಬರೂ ಎದ್ದು, ಒಟ್ಟಿಗೆ ನೀರು ದಾಟಿ ಮನೆಗೆ ಬಂದೆವು.